ಬೀಗರ ಮಾತುಕತೆಯಲ್ಲಿ ನಾಯಿಗೂ ಒಂದು ಮಣೆ

ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ರೈಲಿನಲ್ಲಿ ಪ್ರಯಾಣ ಮಾಡಿದ ವಾಚಕರಿಗೆ ಎಡಕುಮೇರಿಯ ಹೆಸರು ಹೊಸದಲ್ಲ. ಸುಮಾರು ೫೫ ಕಿಲೋಮೀಟರುಗಳ ಆ ಘಟ್ಟದ ದಾರಿಯಲ್ಲಿ ೫೭ ಸುರಂಗಗಳು, ೧೦೯ ಸೇತುವೆಗಳು ಇವೆ. ಒಂದು ಗಳಿಗೆ ಕಗ್ಗತ್ತಲೆ, ಮರುಗಳಿಗೆ ಕಣ್ಣು ಕೋರೈಸುವ ಹಸುರು. ೧೯೭೯ರಲ್ಲಿ ತೆರೆದ ಈ ದಾರಿಯನ್ನು ಹಳಿಗಳನ್ನು ಅಗಲಗೊಳಿಸುವುದಕ್ಕಾಗಿ ೧೯೯೬ರಲ್ಲಿ ಮುಚ್ಚಲಾಯಿತು. ೨೦೦೭ರ ಡಿಸೆಂಬರಿನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದುವು. ಈ ದಾರಿಯ ನಡುವೆ, ದಟ್ಟವಾದ ಕಾಡಿನ ಮಡಿಲಲ್ಲಿ, ಎಡಕುಮೇರಿ ಎಂಬ ಪುಟ್ಟ ನಿಲ್ದಾಣವಿದೆ. ಕೆಳಗೆ ಕಣಿವೆ, ಮೇಲೆ ಬೆಟ್ಟ, ಸುತ್ತಲೂ ಆನೆಗಳ ಸಂಚಾರವುಳ್ಳ ಅರಣ್ಯ. ಘಟ್ಟದ ತಲೆಯ ಕಡೆಗೆ ಹೋದಂತೆ ಕಾಡು ಸರಿದು ಕಾಫಿ, ಏಲಕ್ಕಿ, ಮೆಣಸುಗಳ ತೋಟಗಳು ಕಾಣಿಸಿಕೊಳ್ಳುತ್ತವೆ.

ಆ ತೋಟಗಳ ನಡುವಣ ಒಂದು ಮನೆಯನ್ನು ವಾಚಕರು ಈಗ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕೆಂದು ನನ್ನ ವಿನಂತಿ. ಅಂದು ಆ ಮನೆಗೆ ಬೆಂಗಳೂರಿನಿಂದ ಹೆಣ್ಣು ನೋಡಲು ಬಂದಿದ್ದಾರೆ. ಕಡುಬು ತಿಂದಾಗಿದೆ, ಕಾಫಿ ಕುಡಿದಾಗಿದೆ. ಹುಡುಗನ ಉದ್ಯೋಗ, ಹುಡುಗಿಯ ವಿದ್ಯಾಭ್ಯಾಸ, ಉಭಯ ಕುಟುಂಬಗಳ ಹಳೆಯ ನಂಟುಗಳು ಎಲ್ಲವೂ ಮಾತಿನಲ್ಲಿ ಬಂದು ಹೋಗಿವೆ. ಹಿರಿಯರ ಮುಖಗಳಲ್ಲಿ ಸಮಾಧಾನ ಮೂಡಿದೆ. ಆಗ ಹುಡುಗನ ತಾಯಿ, "ನೀನೂ ಏನಾದರೂ ಕೇಳುವುದಿದ್ದರೆ ಕೇಳಮ್ಮ, ಸಂಕೋಚ ಬೇಡ" ಎನ್ನುತ್ತಾರೆ.

ಹುಡುಗಿ ಜಗಲಿಯ ಕಡೆಗೊಮ್ಮೆ ನೋಡಿ, "ನಮ್ಮ ಟೈಗರ್ ನನ್ನ ಜೊತೆಯಲ್ಲಿ ಬರಬಹುದೆ, ಅಮ್ಮಾ?" ಎಂದು ಕೇಳುತ್ತಾಳೆ.

ಅವಳ ಸೋದರಮಾವ ನಕ್ಕುಬಿಡುತ್ತಾರೆ. "ಮದುವೆಗೆ ತಾನೆ? ಬರಲಿ ಬಿಡು, ಅದಕ್ಕೂ ಒಂದು ಎಲೆ ಹಾಕಿಸೋಣ."

"ಮದುವೆಗಲ್ಲ ಮಾವ, ಮನೆಗೆ."

ಕೋಣೆಯಲ್ಲಿ ಒಂದು ಕ್ಷಣ ಮೌನ. ಜಗಲಿಯ ಮೇಲೆ ಮುಂಗಾಲುಗಳ ನಡುವೆ ಮೂತಿಯನ್ನಿಟ್ಟು ಮಲಗಿರುವ ಟೈಗರಿಗೆ ಮಾತ್ರ ತನ್ನ ಭವಿಷ್ಯದ ಚರ್ಚೆ ನಡೆಯುತ್ತಿರುವುದು ತಿಳಿಯದು.

ನಗುವ ಮಾತಲ್ಲ

ಈ ಸನ್ನಿವೇಶವು ಕಲ್ಪಿತವಾದರೂ ಪ್ರಶ್ನೆ ಕಲ್ಪಿತವಲ್ಲ. ನಾಯಿಯನ್ನು ಮನೆಯ ಮಗುವಿನಂತೆ ಸಾಕಿರುವ ಕುಟುಂಬಗಳು ಇಂದು ನಗರಗಳಲ್ಲಿ ಎಷ್ಟೋ ಇವೆ. ಆ ಮನೆಯ ಹುಡುಗಿಗೋ ಹುಡುಗನಿಗೋ ಸಂಬಂಧ ಕೂಡಿಬಂದಾಗ ಈ ಪ್ರಶ್ನೆ ಏಳಲೇಬೇಕು. ಆದರೆ ಜಾತಕ, ಸಂಬಳ, ಮನೆ, ಮಠ, ಮದುವೆಯ ಛತ್ರ ಎಲ್ಲವನ್ನೂ ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು ಈ ಒಂದು ಸಂಗತಿಯನ್ನು ಬಾಯಿಬಿಟ್ಟು ಕೇಳಲು ನಾಚುತ್ತೇವೆ. "ನಾಯಿಯ ಮಾತೆತ್ತಿ ಒಳ್ಳೆಯ ಸಂಬಂಧವನ್ನು ಕಳೆದುಕೊಳ್ಳುವುದೆ?" ಎಂಬ ಅಳುಕು ಹೆಣ್ಣಿನವರಿಗೆ, "ಇಷ್ಟು ಸಣ್ಣ ಮಾತಿಗೆ ಅಡ್ಡಿ ಹೇಳುವುದೆ?" ಎಂಬ ದಾಕ್ಷಿಣ್ಯ ಗಂಡಿನವರಿಗೆ. ಮದುವೆ ಮುಗಿದ ಮೇಲೆ ನೋಡಿಕೊಂಡರಾಯಿತೆಂದು ಎರಡು ಕಡೆಯವರೂ ಸುಮ್ಮನಾಗುತ್ತಾರೆ. ಆ ಮೌನದ ಬೆಲೆಯನ್ನು ತೆರಬೇಕಾದದ್ದು ಮಾತು ಬಾರದ ಪ್ರಾಣಿ.

ಮಲೆನಾಡಿನ ತೋಟದ ಮನೆಗಳಲ್ಲಿ ನಾಯಿ ಎಂಬುದು ಅಲಂಕಾರದ ವಸ್ತುವಲ್ಲ. ರಾತ್ರಿಯ ಹೊತ್ತು ಕಾಡುಹಂದಿ ತೋಟಕ್ಕೆ ನುಗ್ಗಿದರೆ, ಕಣದ ಕಡೆಗೆ ಅಪರಿಚಿತರು ಸುಳಿದರೆ, ಮೊದಲು ಎಚ್ಚರಿಸುವುದು ಅದು. ಚಿರತೆಯ ಬಾಯಿಗೆ ಮೊದಲು ಬೀಳುವುದೂ ಅದೇ. ಮಳೆಗಾಲದಲ್ಲಿ ದಿನಗಟ್ಟಲೆ ಹೊರಗಿನ ಮುಖ ಕಾಣದ ಒಂಟಿಮನೆಯಲ್ಲಿ ಬೆಳೆದ ಹುಡುಗಿಗೆ ಅದು ಎಂಥ ಸಂಗಾತಿಯಾಗಿದ್ದೀತು ಎಂಬುದನ್ನು, ಮೂರು ಕಡೆಯೂ ಮನೆಗಳಿರುವ ಬೀದಿಯಲ್ಲಿ ಬೆಳೆದ ನಾವು ಸುಲಭವಾಗಿ ಊಹಿಸಲಾರೆವು.

ಹಿಂದೆ ಮಗಳೊಡನೆ ಹಸುವನ್ನು ಬಳುವಳಿಯಾಗಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಇದ್ದೇ ಇತ್ತು. ತವರಿನ ಹಸು ಕೊಟ್ಟಿಗೆಗೆ ಬಂದರೆ ಅತ್ತೆಮನೆಯವರಿಗೆ ಸಂತೋಷ. ಅದು ಹಾಲು ಕೊಡುತ್ತದೆ. ನಾಯಿ ಕೊಡುವ ವಸ್ತುವನ್ನು ಪಾತ್ರೆಯಲ್ಲಿ ಹಿಡಿಯಲಾಗದು. ಆದುದರಿಂದ ಅದನ್ನು ಬಳುವಳಿಯ ಪಟ್ಟಿಯಲ್ಲಿ ಯಾರೂ ಸೇರಿಸಲಿಲ್ಲ. ೧೯೬೧ರ ವರದಕ್ಷಿಣೆ ನಿಷೇಧದ ಕಾಯಿದೆಗೂ ಟೈಗರಿನ ಚಿಂತೆಯಿಲ್ಲ. ಅವನನ್ನು ಕೊಡಿರೆಂದು ಪೀಡಿಸುವ ಬೀಗರು ಇನ್ನೂ ಹುಟ್ಟಿಲ್ಲ!

ಬೇಡಿ ಪಡೆದ ಕಾಳಿ

ನಾಯಿಯನ್ನು ಬಾಯಿಬಿಟ್ಟು ಕೇಳುವುದು ಹಗುರವಾದ ಕೆಲಸವೆಂದು ಭಾವಿಸುವವರು, ಒಮ್ಮೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆತಕೂರಿನ ಶಾಸನವನ್ನು ನೋಡಿ ಬರಬೇಕು. ಕ್ರಿ. ಶ. ೯೪೯-೫೦ರ ಕಾಲದ ಆ ವೀರಗಲ್ಲು ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತದ್ದು. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಯುದ್ಧದಲ್ಲಿ, ಗಂಗರ ಬೂತುಗನ ಪಕ್ಷದ ಮಣಲೆರನೆಂಬ ವೀರನು ಪರಾಕ್ರಮವನ್ನು ಮೆರೆದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ನಾಯಿಯನ್ನು ಕೇಳಿದನು. ಮುಂದೆ ಆ ಕಾಳಿ ಬೇಟೆಯಲ್ಲಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಆ ನಾಯಿಯ ನೆನಪಿಗೆ ಕಲ್ಲು ನೆಡಲಾಯಿತು, ಅದರ ಪೂಜೆಗಾಗಿ ಭೂಮಿಯನ್ನು ಬಿಡಲಾಯಿತು. ಹಂದಿಯ ಮೇಲೆ ಎರಗಿದ ಕಾಳಿಯ ಚಿತ್ರವನ್ನು ಕಲ್ಲಿನ ಮೇಲೆ ಇಂದಿಗೂ ನೋಡಬಹುದು.

ದೇವರ ಮನೆಯಿರುವಲ್ಲಿ ನಾಯಿ ಹೇಗೆ ಇರಬೇಕೆಂದು ಕೇಳುವ ಹಿರಿಯರಿಗೆ ಧರ್ಮರಾಯನ ಕಥೆಯನ್ನು ನಾನು ನೆನಪಿಸಬೇಕಾದುದಿಲ್ಲ. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದುಹೋದ ಮೇಲೆ ಕೊನೆಯವರೆಗೂ ಹಿಂಬಾಲಿಸಿ ಬಂದದ್ದು ಒಂದು ನಾಯಿ. ನಾಯಿಗೆ ಸ್ವರ್ಗದಲ್ಲಿ ಪ್ರವೇಶವಿಲ್ಲವೆಂದು ಇಂದ್ರನು ಹೇಳಿದಾಗ, ನಂಬಿ ಬಂದುದನ್ನು ಬಿಟ್ಟು ಬರುವ ಸ್ವರ್ಗ ತನಗೆ ಬೇಡವೆಂದು ಅವನು ರಥದ ಬಳಿಯಲ್ಲೇ ನಿಂತುಬಿಟ್ಟನು. ಆ ನಾಯಿ ಯಮಧರ್ಮನೇ ಆಗಿದ್ದಿತೆಂಬುದು ಆಮೇಲೆ ತಿಳಿದ ಸಂಗತಿ. ಅವನು ವಾದಿಸಿದಾಗ ಅದು ಬರಿಯ ನಾಯಿಯೇ. ನಮ್ಮ ಟೈಗರ್ ಧರ್ಮದೇವತೆಯಾಗಬೇಕಾದ ಅಗತ್ಯವಿಲ್ಲ. ಆದರೆ ಬಾಗಿಲಿನಲ್ಲಿ ನಿಂತು, "ಇದೂ ನನ್ನ ಜೊತೆಯದೇ" ಎಂದು ಹೇಳುವ ಹುಡುಗಿಯದು ಹಟಮಾರಿತನವಲ್ಲವೆಂಬುದನ್ನು ಒಪ್ಪಲು ಈ ಕಥೆ ಸಾಕು.

ಹೊಳೆಯ ಪಾಲಾದ ಹುಲಿಯ

ಕನ್ನಡದಲ್ಲಿ ಮದುವೆಯ ದಾರಿಯನ್ನು ನಾಯಿಯೊಡನೆ ನಡೆದವರ ಕಥೆಯೆಂದರೆ ನೆನಪಿಗೆ ಬರುವವನು ನಾಯಿಗುತ್ತಿ. ೧೯೬೭ರಲ್ಲಿ ಪ್ರಕಟವಾದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಓದಿದವರು ಅವನನ್ನೂ ಅವನ ನಾಯಿ ಹುಲಿಯನನ್ನೂ ಮರೆಯಲಾರರು. ಹೆಸರನ್ನು ನೋಡಿ: ತೀರ್ಥಹಳ್ಳಿಯ ಕಡೆಯ ಹುಲಿಯ, ಇಂದಿನ ತೋಟದ ಮನೆಗಳ ಟೈಗರ್, ಎರಡೂ ಒಂದೇ. ಗುತ್ತಿ ಜೀತದ ಆಳು. ಅವನು ಮೆಚ್ಚಿದ ತಿಮ್ಮಿಯೂ ಜೀತದ ಮನೆಯವಳು. ಅಂಥವರ ಮದುವೆಯ ಮಾತನ್ನು ಆಡುವವರು ಅವರಲ್ಲ, ಅವರ ಒಡೆಯರು. ಹೀಗಾಗಿ ಗುತ್ತಿ ತಿಮ್ಮಿಯನ್ನು ಕರೆದುಕೊಂಡು ಕಾಡುದಾರಿ ಹಿಡಿಯಬೇಕಾಯಿತು. ಹುಲಿಯನೂ ಜೊತೆಯಲ್ಲೇ ನಡೆಯಿತು. ಕಾದಂಬರಿಯ ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯನ್ನು ದಾಟುವ ಸಮಯ ಬರುತ್ತದೆ. ಗುತ್ತಿಯೂ ತಿಮ್ಮಿಯೂ ಹೊಳೆ ದಾಟುತ್ತಾರೆ. ಹುಲಿಯ ಪ್ರವಾಹದ ಪಾಲಾಗುತ್ತದೆ.

ಆ ಪುಟಗಳನ್ನು ಓದಿ ಕಣ್ಣೊರೆಸಿಕೊಂಡವರಲ್ಲಿ ನಾನೂ ಒಬ್ಬ. ಗುತ್ತಿಗೆ ಹೆಂಡತಿ ದೊರೆತಳು. ಆದರೆ ಆ ಸುಖದ ದಡದ ಮೇಲೆ ಅವನ ಹಳೆಯ ಸಂಗಾತಿಯಿಲ್ಲ. ಅವನಿಗೆ ಕುಳಿತು ಮಾತನಾಡಲು ಮಣೆಯೇ ಇರಲಿಲ್ಲ. ಹೊಳೆಯನ್ನು ತಪ್ಪಿಸಿ ಬೇರೆ ದಾರಿ ಹಿಡಿಯುವ ಬಿಡುವೂ ಇರಲಿಲ್ಲ. ಆದರೆ ಮಣೆ ಹಾಕಿಸಿಕೊಂಡು, ಕಾಫಿ ಕುಡಿದು, ತಿಂಗಳುಗಟ್ಟಲೆ ಮಾತುಕತೆ ನಡೆಸುವ ನಮಗೆ ಯಾವ ನೆಪವಿದೆ? ನಮ್ಮ ಹುಲಿಯ ಕೊಚ್ಚಿಹೋಗುವುದು ತುಂಗೆಯಲ್ಲಲ್ಲ. ಬಾಡಿಗೆ ಮನೆಯ ಒಡೆಯರು ಒಪ್ಪಲಿಲ್ಲವೆಂದೋ, ಅತ್ತೆಗೆ ಒಗ್ಗಲಿಲ್ಲವೆಂದೋ, ಮಗು ಹುಟ್ಟಿತೆಂದೋ, ಒಂದು ಸಂಜೆ ಊರ ಹೊರಗೆ ಕಾರಿನ ಬಾಗಿಲನ್ನು ತೆರೆದು ಅದನ್ನು ಇಳಿಸಿ ಬರುವವರು ಇದ್ದಾರೆ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯಲ್ಲಿ ಬದುಕುವ ವಿದ್ಯೆ ಗೊತ್ತಿರುವುದಿಲ್ಲ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತಕ್ಕ ಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಅಪರಾಧವೂ ಹೌದು. ಆದರೆ ಆ ನಾಯಿ ಯಾವ ಕಚೇರಿಗೆ ಹೋಗಿ ದೂರು ಕೊಟ್ಟೀತು?

ಕವಿಯನ್ನು ಕಚ್ಚಿದ ಫ್ಲಷ್

ಮಾತು ಮೊದಲೇ ಇತ್ಯರ್ಥವಾದರೆ ಹೇಗಿರುತ್ತದೆಂಬುದಕ್ಕೆ ಇಂಗ್ಲೆಂಡಿನಲ್ಲಿ ಒಂದು ಪ್ರಸಿದ್ಧವಾದ ನಿದರ್ಶನವಿದೆ. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಕಾಯಿಲೆಯಿಂದ ಲಂಡನ್ನಿನ ಮನೆಯ ಕೋಣೆಯೊಳಗೇ ಕಾಲ ಕಳೆಯುತ್ತಿದ್ದಾಗ ಅವಳ ಬಳಿ ಇದ್ದದ್ದು ಫ್ಲಷ್ ಎಂಬ, ಉದ್ದ ಕಿವಿಗಳ ಸ್ಪ್ಯಾನಿಯಲ್ ನಾಯಿ. ಲೇಖಕಿ ಮೇರಿ ರಸೆಲ್ ಮಿಟ್‌ಫರ್ಡ್ ಅದನ್ನು ಅವಳಿಗೆ ಉಡುಗೊರೆಯಾಗಿ ಕೊಟ್ಟಿದ್ದಳು. ೧೮೪೫ರ ಮೇ ತಿಂಗಳಲ್ಲಿ ಕವಿ ರಾಬರ್ಟ್ ಬ್ರೌನಿಂಗ್ ಆ ಕೋಣೆಗೆ ಮೊದಲ ಬಾರಿ ಬಂದನು. ಬರಬರುತ್ತ ಸ್ನೇಹ ಪ್ರೇಮವಾಯಿತು. ಇದು ಫ್ಲಷ್‌ಗೆ ಸಹಿಸಲಿಲ್ಲ. ೧೮೪೬ರ ಬೇಸಗೆಯಲ್ಲಿ ಅದು ಕವಿಯ ಕಾಲಿಗೆ ಬಾಯಿ ಹಾಕಿತು, ಒಮ್ಮೆಯಲ್ಲ, ಎರಡು ಬಾರಿ. ಬೇರೊಬ್ಬನಾಗಿದ್ದರೆ, "ನಾನೋ ಇದೋ, ಒಂದನ್ನು ಆರಿಸಿಕೊ" ಎನ್ನುತ್ತಿದ್ದನೇನೊ. ಬ್ರೌನಿಂಗ್ ಹಾಗೆನ್ನಲಿಲ್ಲ. ಎಲಿಜಬೆತ್ ನಾಯಿಯನ್ನು ಗದರಿಸಿದಳು, ಕವಿ ತಂದ ತಿನಿಸನ್ನು ಅದು ಕೊನೆಗೆ ತಿಂದಿತು, ರಾಜಿಯಾಯಿತು.

ಅಷ್ಟರಲ್ಲಿ, ಅದೇ ವರ್ಷದ ಸೆಪ್ಟೆಂಬರಿನ ಮೊದಲಲ್ಲಿ, ನಾಯಿಗಳನ್ನು ಕದ್ದು ಹಣ ಕೀಳುವ ಲಂಡನ್ನಿನ ಕಳ್ಳರು ಫ್ಲಷ್‌ನನ್ನು ಎತ್ತಿಕೊಂಡು ಹೋದರು. ಅವರಿಗೆ ಹಣ ತೆತ್ತರೆ ಅನ್ಯಾಯಕ್ಕೆ ಕೈಜೋಡಿಸಿದಂತೆ ಎಂಬುದು ಬ್ರೌನಿಂಗನ ನಿಲುವು. ಎಲಿಜಬೆತ್ ಒಪ್ಪಲಿಲ್ಲ. ಕೋಣೆಯಿಂದ ಹೊರಬೀಳಲು ಹೆದರುತ್ತಿದ್ದ ಆಕೆ ದಾಸಿಯನ್ನು ಜೊತೆಗೆ ಕರೆದುಕೊಂಡು, ಗಾಡಿಯಲ್ಲಿ ಕಳ್ಳರ ಕೇರಿಗೇ ಹೋದಳು. ಕೊನೆಗೆ ಆರು ಗಿನಿಗಳು ಸಂದುವು, ಫ್ಲಷ್ ಮನೆಗೆ ಬಂದಿತು. ವಿವಾಹಕ್ಕೆ ಮುಂಚಿನ ಆ ಭಿನ್ನಾಭಿಪ್ರಾಯದಿಂದ ಇಬ್ಬರಿಗೂ ಕೇಡಾಗಲಿಲ್ಲ; ಅವಳಿಗೆ ಆ ಪ್ರಾಣಿ ಏನೆಂಬುದು ಅವನಿಗೆ ಮನದಟ್ಟಾಯಿತು. ಸೆಪ್ಟೆಂಬರ್ ೧೨ರಂದು ಗುಟ್ಟಾಗಿ ಮದುವೆ ನಡೆಯಿತು. ಒಂದು ವಾರದ ಮೇಲೆ ತಂದೆಯ ಮನೆಯನ್ನು ಬಿಟ್ಟು ಇಟಲಿಗೆ ಹೊರಟಾಗ ಫ್ಲಷ್ ಅವಳ ಜೊತೆಯಲ್ಲಿತ್ತು. ಫ್ಲಾರೆನ್ಸ್ ನಗರದ ಅವರ ಮನೆಯಲ್ಲೇ ಅದು ಮುಪ್ಪಾಗಿ ಸತ್ತಿತು. ವರ್ಜೀನಿಯಾ ವುಲ್ಫ್ ೧೯೩೩ರಲ್ಲಿ ಆ ನಾಯಿಯ ಜೀವನ ಚರಿತ್ರೆಯನ್ನೇ ಬರೆದಳು.

ಬಿಟ್ಟು ಹೋಗುವುದೂ ಕೆಲವೊಮ್ಮೆ ಪ್ರೀತಿ

ನಾಯಿ ಜೊತೆಗೆ ಬರಲೇಬೇಕೆಂಬುದು ನನ್ನ ವಾದವಲ್ಲ. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನನ ಮನೆಯ ಸಂಗತಿಯನ್ನು ಕೇಳಿ. ೧೮೩೮ರಲ್ಲಿ, ಇನ್ನೂ ಅವಿವಾಹಿತನಾಗಿದ್ದಾಗ, ಅವನು ಒಂದು ಹಾಳೆಯಲ್ಲಿ ಮದುವೆಯಾದರೆ ಏನು ಲಾಭ, ಆಗದಿದ್ದರೆ ಏನು ಲಾಭ ಎಂದು ಎರಡು ಪಟ್ಟಿಗಳನ್ನು ಬರೆದನು. ಮುಪ್ಪಿನಲ್ಲಿ ಜೊತೆಗಿರಲು ಹೆಂಡತಿ ಹೇಗಾದರೂ ನಾಯಿಗಿಂತ ಮೇಲೆಂಬುದು ಅವನು ಕಂಡುಕೊಂಡ ಲಾಭಗಳಲ್ಲೊಂದು! ಮರುವರ್ಷ ಎಮ್ಮಾ ವೆಜ್‌ವುಡ್‌ಳನ್ನು ಮದುವೆಯಾದನು. ಈ ಪಟ್ಟಿ ಆಕೆಯ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ. ಕಾಲ ಕಳೆಯಿತು. ೧೮೭೧ರಲ್ಲಿ ಅವರ ಮಗಳು ಹೆನ್ರಿಯೆಟಾ ಮದುವೆಯಾಗಿ ಹೋದಾಗ ಅವಳ ನಾಯಿ ಪಾಲಿ ತವರಿನಲ್ಲೇ ಉಳಿಯಿತು. ಅದು ಡಾರ್ವಿನ್ನನಿಗೆ ಅಂಟಿಕೊಂಡಿತು. ಮುದುಕ ಓದುತ್ತಿದ್ದರೆ ಬಳಿಯಲ್ಲಿ ಅದು, ತಿರುಗಾಡಲು ಹೋದರೆ ಹಿಂದೆ ಅದು. ೧೮೮೨ರ ಏಪ್ರಿಲಿನಲ್ಲಿ ಅವನು ತೀರಿಕೊಂಡ ಕೆಲವೇ ದಿನಗಳಲ್ಲಿ ಪಾಲಿಯೂ ತೀರಿಕೊಂಡಿತು. ಮುಪ್ಪಿನ ಸಂಗಾತಿಯ ವಿಷಯದಲ್ಲಿ ಅವನಿಗೆ ಎರಡೂ ದೊರೆತಂತಾಯಿತು.

ಆದುದರಿಂದ, ಕಾಡು ತೋಟಗಳಲ್ಲಿ ಸ್ವೇಚ್ಛೆಯಾಗಿ ಓಡಾಡಿ ಮುದಿಯಾದ ನಾಯಿಯನ್ನು ನಗರದ ನಾಲ್ಕನೆಯ ಮಹಡಿಗೆ ಸಾಗಿಸುವುದು ಪ್ರೀತಿಯಲ್ಲದಿರಬಹುದು. ಹುಡುಗಿಯ ತಂದೆಗೆ, ಅಜ್ಜಿಗೆ ಅದು ಮಗಳ ಸ್ಥಾನವನ್ನು ಸ್ವಲ್ಪಮಟ್ಟಿಗೆ ತುಂಬಬಹುದು. ತೀರ್ಮಾನ ಯಾವುದೇ ಆಗಲಿ, ಎಲ್ಲರೂ ಕೂಡಿ, ನಿಶ್ಚಿತಾರ್ಥಕ್ಕೆ ಮುಂಚೆ, ಬಾಯಿಬಿಟ್ಟು ಮಾಡಿಕೊಂಡದ್ದಾಗಿರಬೇಕು.

ಕೇಳಬೇಕಾದ ಮಾತುಗಳು

ಹಾಗಾದರೆ ಏನನ್ನು ಮಾತನಾಡಬೇಕು? ಮೊದಲನೆಯದು, ವಯಸ್ಸು. ನಾಯಿಯ ಆಯುಸ್ಸು ಸಾಮಾನ್ಯವಾಗಿ ಹತ್ತರಿಂದ ಹದಿಮೂರು ವರ್ಷ. ಎರಡು ವರ್ಷದ ನಾಯಿಯನ್ನು ಒಪ್ಪಿದವರು ಮುಂದಿನ ಹತ್ತು ವರ್ಷಗಳನ್ನು ಒಪ್ಪಿದಂತೆ. ಎರಡನೆಯದು, ಕೆಲಸದ ಹಂಚಿಕೆ. ದಂಪತಿಗಳಿಬ್ಬರೂ ಕಚೇರಿಗೆ ಹೋದ ಮೇಲೆ ಅದಕ್ಕೆ ನೀರಿಡುವವರು ಯಾರು, ಹೊರಗೆ ಕರೆದೊಯ್ಯುವವರು ಯಾರು? "ಅಮ್ಮ ಇದ್ದಾರಲ್ಲ" ಎಂದು ಅತ್ತೆಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಡುಗೆಮನೆ, ದೇವರಮನೆಗಳ ವಿಷಯದಲ್ಲಿ ಹಿರಿಯರಿಗೆ ನಿಯಮಗಳಿದ್ದರೆ ಅವನ್ನು ಈಗಲೇ ತಿಳಿಸಲಿ. ನಾಯಿಗೆ ಹೊಸ್ತಿಲನ್ನು ಕಲಿಸುವುದು ಕಷ್ಟವಲ್ಲ.

ಮೂರನೆಯದು, ಆರೋಗ್ಯ. ಹುಚ್ಚುನಾಯಿ ರೋಗಕ್ಕೆ ಲೂಯಿ ಪಾಶ್ಚರ್ ೧೮೮೫ರಲ್ಲಿ ಲಸಿಕೆಯನ್ನು ಮನುಷ್ಯರ ಮೇಲೆ ಪ್ರಯೋಗಿಸಿದ ದಿನದಿಂದ ಆ ಭಯಕ್ಕೆ ಪರಿಹಾರವಿದೆ. ನಾಯಿಗೂ ಕಾಲಕಾಲಕ್ಕೆ ಲಸಿಕೆ ಹಾಕಿಸಿ ಅದರ ಪತ್ರವನ್ನು ಇಟ್ಟುಕೊಂಡಿರಬೇಕು. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕೆಂಬುದನ್ನು, ನಾಯಿ ಸಾಕಿದವರಿರಲಿ ಸಾಕದವರಿರಲಿ, ಎಲ್ಲರೂ ತಿಳಿದಿರಬೇಕು. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ, ರೋಮ ಒಗ್ಗದಿದ್ದರೆ, ಅದನ್ನು ಸಂಕೋಚವಿಲ್ಲದೆ ಹೇಳಬೇಕು.

ನಾಲ್ಕನೆಯದು, ವಾಸಸ್ಥಳ. ಬಾಡಿಗೆ ಮನೆಯಾದರೆ ಒಡೆಯರನ್ನು ಮೊದಲೇ ಕೇಳಿಕೊಳ್ಳಬೇಕು. ವಸತಿ ಸಮುಚ್ಚಯಗಳ ಸಂಘಗಳು ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ೨೦೧೫ರಲ್ಲಿ ಸೂಚನೆಗಳನ್ನು ಹೊರಡಿಸಿದೆ. ಆದರೂ ನೆರೆಯವರ ನಿದ್ದೆಯನ್ನು ಕಾಪಾಡುವ ಹೊಣೆ ಸಾಕಿದವರದೇ.

ಇನ್ನು ಪ್ರಯಾಣ. ಘಟ್ಟದ ಮೇಲಿನಿಂದ ಬೆಂಗಳೂರಿಗೆ ನಾಯಿಯನ್ನು ರೈಲಿನಲ್ಲೇ ಕರೆದೊಯ್ಯುವವರು ಅದನ್ನು ಸಾಮಾನ್ಯ ಬೋಗಿಯಲ್ಲಿ ಕಾಲ ಬಳಿ ಕೂರಿಸಿಕೊಳ್ಳುವಂತಿಲ್ಲ. ಮೊದಲನೆಯ ತರಗತಿಯಲ್ಲಿ ಒಂದು ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು. ಇಲ್ಲವಾದರೆ ಗಾರ್ಡಿನ ಬೋಗಿಯಲ್ಲಿರುವ ನಾಯಿಪೆಟ್ಟಿಗೆಗೆ ಪಾರ್ಸೆಲ್ ಕಚೇರಿಯಲ್ಲಿ ಹಣ ಕಟ್ಟಬೇಕು. ಪೆಟ್ಟಿಗೆಯ ಕತ್ತಲೆಯೂ ಗಾಲಿಗಳ ಸದ್ದೂ ತೋಟದ ನಾಯಿಗೆ ಹೆದರಿಕೆ ಹುಟ್ಟಿಸಬಹುದು. ಹುಡುಗಿ ಹೊಸ ಮನೆಗೆ ಕಾಲಿಡುವ ದಿನವೇ ಇದನ್ನೂ ಸಾಗಿಸುವ ಬದಲು, ಮನೆ ಸ್ವಲ್ಪ ಪಳಗಿದ ಮೇಲೆ ಅಣ್ಣನೋ ತಮ್ಮನೋ ಕಾರಿನಲ್ಲಿ ಕರೆತಂದರೆ ಇಬ್ಬರಿಗೂ ಅನುಕೂಲ.

ಈಗ ಆ ತೋಟದ ಮನೆಗೆ ಮರಳೋಣ. "ಮದುವೆಗಲ್ಲ ಮಾವ, ಮನೆಗೆ" ಎಂದ ಹುಡುಗಿ ತಲೆತಗ್ಗಿಸಿ ಕುಳಿತಿದ್ದಾಳೆ. ಹುಡುಗಿಯ ತಾಯಿಗೆ ಮಗಳ ಮೇಲೆ ಸಿಟ್ಟು. ಕೂಡಿಬಂದ ಸಂಬಂಧ ಎಲ್ಲಿ ಮುರಿಯುವುದೋ ಎಂಬ ದಿಗಿಲು. ಹುಡುಗ ಮೆಲ್ಲನೆ ಎದ್ದು ಜಗಲಿಗೆ ಹೋಗಿದ್ದಾನೆ. ಟೈಗರ್ ಅವನ ಬೂಟುಗಳನ್ನು ಮೂಸಿ ನೋಡುತ್ತಿದೆ; ಇನ್ನೂ ಬಾಲ ಆಡಿಸಿಲ್ಲ. ದೂರದ ಕಣಿವೆಯಲ್ಲಿ ಸುರಂಗದಿಂದ ಹೊರಬಿದ್ದ ರೈಲೊಂದು ಕೂಗುತ್ತದೆ.

ಹುಡುಗನ ತಾಯಿ ಸ್ವಲ್ಪ ಹೊತ್ತು ಯೋಚಿಸಿ, ಕೈಯಲ್ಲಿದ್ದ ಲೋಟವನ್ನು ಕೆಳಗಿಡುತ್ತಾರೆ.

"ಅದು ರಾತ್ರಿ ಎಲ್ಲಿ ಮಲಗುತ್ತದಮ್ಮ?" ಎಂದು ಕೇಳುತ್ತಾರೆ.

ಒಪ್ಪಿದರೋ ಇಲ್ಲವೋ ಇನ್ನೂ ತಿಳಿಯದು. ಆದರೆ ಮಾತು ಆರಂಭವಾಯಿತು.